ಕಾನ್ಫಿಗ್ ಫೈಲಲ್ಲಿ ಒಂದು, ಸರ್ವರ್ ಹೇಳೋದು ಇನ್ನೊಂದು: ಸೆಟ್ಟಿಂಗ್ ಎಲ್ಲಿಂದ ಬಂತು ಅಂತ ಹಿಡಿಯೋದು ಹೇಗೆ?

ಪ್ರಶ್ನೆ: ಸರ್, ನಾನು ಶಿರಸಿಯಲ್ಲಿ ಅಡಿಕೆ ವ್ಯವಹಾರ ಮಾಡೋ ಒಂದು ಸಹಕಾರಿ ಸಂಘದ ಸರ್ವರ್ ನೋಡ್ಕೊಳ್ತೇನೆ. ಉಬುಂಟು ಮೇಲೆ ಎಂಜಿನ್‌ಎಕ್ಸ್ (ವೆಬ್ ಸರ್ವರ್), ಪಿಎಚ್‌ಪಿ (ಸೈಟ್ ಓಡಿಸೋದು), ಪೋಸ್ಟ್‌ಗ್ರೆಸ್ (ಡೇಟಾಬೇಸ್) ಇದೆ. ಮೊದಲು ನೋಡ್ತಿದ್ದವ್ರು ಕೆಲಸ ಬಿಟ್ಟು ಬೆಂಗಳೂರಿಗೆ ಹೋದ್ರು, ಏನೂ ಬರೆದಿಟ್ಟಿಲ್ಲ. ಪೋಸ್ಟ್‌ಗ್ರೆಸ್‌ನ ಕಾನ್ಫ್ ಫೈಲಲ್ಲಿ ವರ್ಕ್_ಮೆಮ್ (ಕ್ವೆರಿ ಕೆಲಸಕ್ಕೆ ಕೊಡೋ ಮೆಮೊರಿ) 16 ಎಂಬಿ ಅಂತ ಬರೆದು ರೀಲೋಡ್ ಮಾಡಿದ್ರೂ ಅದು 64 ಎಂಬಿ ಅಂತಲೇ ತೋರಿಸ್ತದೆ, ಟೆಂಡರ್ ದಿನ ರ‍್ಯಾಮ್ ತುಂಬಿ ಒದ್ದಾಡ್ತದೆ. ಸದಸ್ಯರು ಪಹಣಿ, ಪಾಸ್‌ಬುಕ್ ಫೋಟೋ ಅಪ್‌ಲೋಡ್ ಮಾಡಿದ್ರೆ 413 ಎರರ್ (ಕಳಿಸಿದ್ದು ತುಂಬಾ ದೊಡ್ಡದು ಅಂತ) ಬರ್ತದೆ, ಪಿಎಚ್‌ಪಿ ಐಎನ್‌ಐ ಫೈಲಲ್ಲಿ 20 ಎಂಬಿ ಮಾಡಿದ್ದೇನೆ, ಉಪಯೋಗ ಇಲ್ಲ. ಮೊನ್ನೆ ಮಳೆಗೆ ಕರೆಂಟ್ ಹೋಗಿ, ಯುಪಿಎಸ್ಸೂ ಖಾಲಿಯಾಗಿ ಮಷಿನ್ ರೀಬೂಟ್ ಆಯ್ತು, ಆವಾಗಿಂದ ಎಂಜಿನ್‌ಎಕ್ಸ್ ಲಾಗಲ್ಲಿ ಟೂ ಮೆನಿ ಓಪನ್ ಫೈಲ್ಸ್ ಅಂತ ಬರ್ತಾ ಇದೆ, ಎಷ್ಟು ಫೈಲ್ ತೆರೆದಿಡಬಹುದು ಅನ್ನೋ ಮಿತಿ ಲಿಮಿಟ್ಸ್ ಕಾನ್ಫ್ ಫೈಲಲ್ಲಿ ನೋಡಿದ್ರೆ 65535 ಅಂತ ಸರಿಯಾಗೇ ಇದೆ. ಎಲ್ಲಿ ಅಂತ ಹುಡುಕ್ಲಿ?

ಉತ್ತರ: ನೀವು ಮೂರು ಸಮಸ್ಯೆ ಬರೆದಿದ್ದೀರಿ, ಆದ್ರೆ ಮೂರರಲ್ಲೂ ನೀವು ಮಾಡ್ತಿರೋ ಕೆಲಸ ಒಂದೇ, ಫೈಲ್ ತೆಗೆದು ಓದ್ತಿದ್ದೀರಿ. ಫೈಲಲ್ಲಿ ಇರೋದು ಯಾರೋ ಒಬ್ರು ಯಾವತ್ತೋ ಬರೆದ ಇಚ್ಛೆ ಅಷ್ಟೇ, ಈಗ ಓಡ್ತಿರೋ ಪ್ರೋಸೆಸ್ ಅದನ್ನ ಓದಿದ್ಯೋ ಇಲ್ವೋ, ಓದಿದ ಮೇಲೆ ಬೇರೆ ಫೈಲ್ ಬಂದು ಅದನ್ನ ಅಳಿಸಿದ್ಯೋ, ಫೈಲೇ ಅಲ್ಲದ ಜಾಗದಿಂದ ಬೇರೆ ವ್ಯಾಲ್ಯೂ ಬಂತೋ ಅನ್ನೋದು ಫೈಲ್ ನೋಡಿದ್ರೆ ಗೊತ್ತಾಗೋದಿಲ್ಲ. ನಿಮ್ಮ ಕಡೆ ಮನೆಗೆ ಅಬ್ಬಿ ನೀರು ಬರೋದು ನಿಂತ್ರೆ ಬಚ್ಚಲಲ್ಲಿ ನಲ್ಲಿ ತಿರುಗಿಸ್ತಾ ಯಾರೂ ಕೂರೋದಿಲ್ಲ, ಪೈಪ್ ಹಿಡ್ಕೊಂಡು ಗುಡ್ಡ ಹತ್ತುತ್ತಾರೆ. ಇಲ್ಲೂ ಹಾಗೇ ಮಾಡಿ. ಮೊದಲು ಓಡ್ತಿರೋ ಪ್ರೋಸೆಸ್ಸನ್ನೇ ಕೇಳಿ, ನಿನ್ನ ಹತ್ರ ಈಗ ಇರೋ ವ್ಯಾಲ್ಯೂ ಎಷ್ಟು, ಅದು ನಿನಗೆ ಎಲ್ಲಿಂದ ಬಂತು ಅಂತ. ಉತ್ತರ ಸಿಗೋ ತನಕ ಒಂದು ಫೈಲನ್ನೂ ಮುಟ್ಟಬೇಡಿ, ಯಾಕಂದ್ರೆ ನೀವು ಗೊತ್ತಿಲ್ಲದೆ ಬರೆದ 16 ಎಂಬಿಯ ಆ ಸಾಲು ಈಗ ಇನ್ನೊಂದು ಗೊಂದಲ ಆಗಿ ಅಲ್ಲೇ ಕೂತಿದೆ, ಮುಂದೆ ಬರೋರಿಗೆ ಅದೂ ಒಂದು ಒಗಟು.

ಪೋಸ್ಟ್‌ಗ್ರೆಸ್‌ನಿಂದ ಶುರು ಮಾಡೋಣ, ಯಾಕಂದ್ರೆ ಈ ವಿಷಯದಲ್ಲಿ ಅದರಷ್ಟು ಪ್ರಾಮಾಣಿಕವಾಗಿ ಉತ್ತರ ಕೊಡೋ ಸಾಫ್ಟ್‌ವೇರ್ ಕಮ್ಮಿ. ಅದ್ರಲ್ಲಿ ಪಿಜಿ_ಸೆಟ್ಟಿಂಗ್ಸ್ ಅಂತ ಒಂದು ವ್ಯೂ ಇದೆ, ಸಾಮಾನ್ಯ ಟೇಬಲ್ ಥರಾನೇ ಸೆಲೆಕ್ಟ್ ಮಾಡಬಹುದು. ಹೆಚ್ಚಿನವರು ಅದ್ರಲ್ಲಿ ನೇಮ್, ಸೆಟ್ಟಿಂಗ್ ಎರಡು ಕಾಲಂ ನೋಡಿ ಬಿಟ್ಟುಬಿಡ್ತಾರೆ, ನಿಮಗೆ ಬೇಕಾಗಿರೋದು ಅದರ ಪಕ್ಕದಲ್ಲಿರೋ ಸೋರ್ಸ್, ಸೋರ್ಸ್‌ಫೈಲ್, ಸೋರ್ಸ್‌ಲೈನ್. ವರ್ಕ್_ಮೆಮ್ ಸಾಲಿಗೆ ಈ ಮೂರನ್ನ ತೆಗೀರಿ. ಸೂಪರ್‌ಯೂಸರ್ ಆಗಿ ಕೇಳಿದ್ರೆ ಫೈಲಿನ ಪೂರ್ತಿ ಪಾತ್, ಎಷ್ಟನೇ ಸಾಲು ಅನ್ನೋದೂ ಬರ್ತದೆ. ನೀವು ಹೇಳಿದ ಲಕ್ಷಣ ನೋಡಿದ್ರೆ ಅಲ್ಲಿ ನೀವು ತಿದ್ದಿದ ಫೈಲ್ ಇರೋದಿಲ್ಲ, ಪೋಸ್ಟ್‌ಗ್ರೆಸ್‌ಕ್ಯೂಎಲ್ ಡಾಟ್ ಆಟೋ ಡಾಟ್ ಕಾನ್ಫ್ ಅನ್ನೋ ಹೆಸರು ಇರ್ತದೆ ಅಂತ ನನ್ನ ಅಂದಾಜು.

ಈ ಆಟೋ ಫೈಲ್ ಏನು ಅಂದ್ರೆ, 2014ರಲ್ಲಿ ಬಂದ 9.4 ವರ್ಷನ್‌ನಿಂದ ಪೋಸ್ಟ್‌ಗ್ರೆಸ್‌ನಲ್ಲಿ ಆಲ್ಟರ್ ಸಿಸ್ಟಮ್ ಅನ್ನೋ ಕಮಾಂಡ್ ಇದೆ, ಡೇಟಾಬೇಸ್ ಒಳಗಿಂದಲೇ ಸೆಟ್ಟಿಂಗ್ ಬದಲಾಯಿಸ್ಲಿಕ್ಕೆ. ಅದರಲ್ಲಿ ಬದಲಾಯಿಸಿದ್ದೆಲ್ಲ ಈ ಆಟೋ ಫೈಲಿಗೆ ಹೋಗಿ ಕೂರ್ತದೆ, ಮತ್ತು ಇದನ್ನ ಮುಖ್ಯ ಕಾನ್ಫ್ ಫೈಲ್ ಆದ ಮೇಲೆ ಕೊನೆಗೆ ಓದೋದ್ರಿಂದ ಇದರ ಮಾತೇ ನಡೀತದೆ. ಉಬುಂಟುವಲ್ಲಿ ಇನ್ನೊಂದು ತೊಡಕು ಏನಂದ್ರೆ ಮುಖ್ಯ ಕಾನ್ಫ್ ಇರೋದು ಇಟಿಸಿ ಕೆಳಗೆ, ಆಟೋ ಫೈಲ್ ಇರೋದು ವಾರ್ ಲಿಬ್ ಕೆಳಗಿನ ಡೇಟಾ ಡೈರೆಕ್ಟರಿಲಿ, ಹಾಗಾಗಿ ಇಟಿಸಿ ಪೂರ್ತಿ ಗ್ರೆಪ್ ಮಾಡಿ (ಪದ ಹುಡುಕಿ) ನೋಡಿದ್ರೂ 64 ಎಂಬಿ ಸಿಗೋದೇ ಇಲ್ಲ, ಸರ್ವರ್ ಹುಚ್ಚುಹುಚ್ಚಾಗಿ ಆಡ್ತಿದೆ ಅಂತ ಅನಿಸ್ತದೆ. ಆ ಫೈಲನ್ನ ಎಡಿಟರ್‌ನಲ್ಲಿ ತೆಗೆದು ತಿದ್ದಬೇಡಿ, ಕೈಯಲ್ಲಿ ತಿದ್ದಬಾರದು ಅಂತ ಅದರ ತಲೆ ಮೇಲೇ ಬರೆದಿರ್ತದೆ. ಆಲ್ಟರ್ ಸಿಸ್ಟಮ್ ರೀಸೆಟ್ ವರ್ಕ್_ಮೆಮ್ ಅಂತ ಕೊಡಿ, ಆಟೋ ಫೈಲಿಂದ ಆ ಸಾಲು ಹೋಗ್ತದೆ, ಆಮೇಲೆ ರೀಲೋಡ್ ಮಾಡಿದ್ರೆ ನಿಮ್ಮ 16 ಎಂಬಿ ಜಾರಿಗೆ ಬರ್ತದೆ.

ಇಷ್ಟಕ್ಕೇ ನಿಲ್ಲಿಸಬೇಡಿ. ಪಿಜಿ_ಸೆಟ್ಟಿಂಗ್ಸ್ ತೋರಿಸೋದು ನೀವು ಕೇಳಿದ ಸೆಷನ್‌ನ ವ್ಯಾಲ್ಯೂ ಮಾತ್ರ. ನೀವು ಪೋಸ್ಟ್‌ಗ್ರೆಸ್ ಅನ್ನೋ ಸೂಪರ್‌ಯೂಸರ್ ಆಗಿ ಒಳಗೆ ಹೋಗಿ ನೋಡ್ತೀರಿ, ಆದ್ರೆ ನಿಮ್ಮ ಬಿಲ್ಲಿಂಗ್ ಆ್ಯಪ್ ಬೇರೆ ಯೂಸರ್ ಹೆಸರಲ್ಲಿ, ಬೇರೆ ಡೇಟಾಬೇಸಿಗೆ ಕನೆಕ್ಟ್ ಆಗ್ತದೆ. ಆಲ್ಟರ್ ರೋಲ್ ಸೆಟ್, ಆಲ್ಟರ್ ಡೇಟಾಬೇಸ್ ಸೆಟ್ ಅಂತ ಕೊಟ್ಟು ಒಬ್ಬ ಯೂಸರ್‌ಗೆ ಮಾತ್ರ, ಒಂದು ಡೇಟಾಬೇಸ್‌ಗೆ ಮಾತ್ರ, ಅಥವಾ ಆ ಡೇಟಾಬೇಸಿಗೆ ಬರೋ ಆ ಯೂಸರ್‌ಗೆ ಮಾತ್ರ ಅಂತ ಬೇರೆ ವ್ಯಾಲ್ಯೂ ಇಡಬಹುದು, ಅದು ಫೈಲಲ್ಲಿ ಬರೆದದ್ದನ್ನ ಮೀರಿ ನಡೀತದೆ. ಅದು ಯಾವ ಫೈಲಲ್ಲೂ ಇರೋದಿಲ್ಲ, ಡೇಟಾಬೇಸ್‌ನ ಒಳಗಿನ ಪಿಜಿ_ಡಿಬಿ_ರೋಲ್_ಸೆಟ್ಟಿಂಗ್ ಅನ್ನೋ ಕ್ಯಾಟಲಾಗಲ್ಲಿ ಇರ್ತದೆ. ಪಿಎಸ್‌ಕ್ಯೂಎಲ್ (ಟರ್ಮಿನಲ್‌ನಿಂದ ಪೋಸ್ಟ್‌ಗ್ರೆಸ್‌ಗೆ ಕಮಾಂಡ್ ಕೊಡೋ ಪ್ರೋಗ್ರಾಮ್) ಒಳಗೆ ಬ್ಯಾಕ್‌ಸ್ಲ್ಯಾಷ್ ಹಾಕಿ ಡಿಆರ್‌ಡಿಎಸ್ ಅಂತ ಕೊಟ್ರೆ ಎಲ್ಲಾ ಪಟ್ಟಿ ಬರ್ತದೆ. ಅದಾದ್ಮೇಲೆ ಆ್ಯಪ್‌ನ ಯೂಸರ್‌ನೇಮ್ ಪಾಸ್‌ವರ್ಡಲ್ಲೇ, ಆ್ಯಪ್‌ನ ಡೇಟಾಬೇಸಿಗೇ ಲಾಗಿನ್ ಆಗಿ ಇನ್ನೊಮ್ಮೆ ಕೇಳಿ. ಸೋರ್ಸ್ ಕಾಲಂನಲ್ಲಿ ಕಾನ್ಫಿಗರೇಷನ್ ಫೈಲ್ ಅಂತ ಬಂದ್ರೆ ಫೈಲಿಂದ, ಡೇಟಾಬೇಸ್ ಅಂತಲೋ ಯೂಸರ್ ಅಂತಲೋ ಬಂದ್ರೆ ಕ್ಯಾಟಲಾಗಿಂದ, ಕ್ಲೈಂಟ್ ಅಂದ್ರೆ ಕನೆಕ್ಷನ್ ಮಾಡೋವಾಗಲೇ ಆ್ಯಪ್ ಕಳಿಸಿದ್ದು, ಸೆಷನ್ ಅಂದ್ರೆ ಆ ಕನೆಕ್ಷನ್ ಒಳಗೆ ಯಾರೋ ಸೆಟ್ ಅಂತ ಕೊಟ್ಟಿದ್ದು, ಕಮಾಂಡ್ ಲೈನ್ ಅಂದ್ರೆ ಸರ್ವರ್ ಸ್ಟಾರ್ಟ್ ಮಾಡೋವಾಗಲೇ ಕೊಟ್ಟಿದ್ದು, ಇದು ಫೈಲನ್ನೂ ಮೀರಿಸ್ತದೆ. ಡೀಫಾಲ್ಟ್ ಅಂತ ಬಂದ್ರೆ ಯಾರೂ ಮುಟ್ಟಿಲ್ಲ, ವರ್ಕ್_ಮೆಮ್‌ಗೆ ಅದು 4 ಎಂಬಿ. ಇನ್ನೊಂದು ನೆನಪಿರ್ಲಿ, ರೋಲ್ (ಅಂದ್ರೆ ಯೂಸರ್) ಮೇಲೆ ಇಟ್ಟ ಸೆಟ್ಟಿಂಗ್ ಹೊಸ ಕನೆಕ್ಷನ್‌ಗೆ ಮಾತ್ರ ಸಿಗ್ತದೆ, ಆ್ಯಪ್ ಹಳೇ ಕನೆಕ್ಷನ್‌ಗಳನ್ನ ಹಿಡಿದಿಟ್ಕೊಂಡಿದ್ರೆ ಅವು ಹಳೇ ವ್ಯಾಲ್ಯೂನಲ್ಲೇ ಓಡ್ತಿರ್ತವೆ.

ನಿಮ್ಮ ರ‍್ಯಾಮ್ ಯಾಕೆ ತುಂಬ್ತದೆ ಅನ್ನೋದೂ ಇಲ್ಲೇ ಇದೆ. ವರ್ಕ್_ಮೆಮ್ ಅಂದ್ರೆ ಒಂದು ಕನೆಕ್ಷನ್‌ಗೆ ಇಷ್ಟು ಅಂತ ಲೆಕ್ಕ ಅಲ್ಲ, ಒಂದು ಕ್ವೆರಿ ಒಳಗಿನ ಒಂದೊಂದು ಸಾರ್ಟ್‌ಗೆ (ಕ್ರಮವಾಗಿ ಜೋಡಿಸೋದಕ್ಕೆ), ಒಂದೊಂದು ಹ್ಯಾಷ್‌ಗೆ (ಸಾಲುಗಳನ್ನ ಹೊಂದಿಸೋದಕ್ಕೆ) ಇಷ್ಟು ಅಂತ. 15ನೇ ವರ್ಷನ್‌ನಿಂದ ಹ್ಯಾಷ್ ಕೆಲಸಕ್ಕೆ ಅದರ ಎರಡು ಪಟ್ಟು ತನಕ ಬಿಡ್ತದೆ. ಹಾಗಾಗಿ ಟೆಂಡರ್ ದಿನ ರಾಶಿ, ಚಾಲಿ, ಬೆಟ್ಟೆ ಅಂತ ಅಡಿಕೆ ಬಗೆಗಳ ಲಾಟ್‌ವಾರು ರಿಪೋರ್ಟನ್ನ ಎಲ್ರೂ ಒಟ್ಟಿಗೆ ತೆಗೆದ್ರೆ 64 ಎಂಬಿ ಅನ್ನೋದು ಎಷ್ಟೋ ಪಟ್ಟು ಆಗ್ತದೆ. ಹಿಂದಿನವ್ರು 64 ಇಟ್ಟಿದ್ದು ಯಾವುದೋ ಒಂದು ದೊಡ್ಡ ರಿಪೋರ್ಟ್ ನಿಧಾನ ಆಗಿತ್ತು ಅಂತ ಇರಬಹುದು, ಅದಕ್ಕೇ ರೀಸೆಟ್ ಮಾಡೋ ಮೊದಲು ಯಾವ ರಿಪೋರ್ಟ್‌ಗೆ ಎಷ್ಟು ಟೈಮ್ ಹಿಡೀತದೆ ಅಂತ ನೋಡಿಟ್ಕೊಳ್ಳಿ. ಆ ರಿಪೋರ್ಟ್ ತೆಗೆಯೋ ಯೂಸರ್‌ಗೆ ಮಾತ್ರ ಜಾಸ್ತಿ ಕೊಟ್ಟು ಉಳಿದವ್ರಿಗೆ 16 ಇಡೋದು ಒಳ್ಳೇ ದಾರಿ.

ಪೋಸ್ಟ್‌ಗ್ರೆಸ್‌ನಲ್ಲಿ ಇನ್ನೆರಡು ಜಾಗ ನೋಡಿ. ಒಂದು, ಪಿಜಿ_ಫೈಲ್_ಸೆಟ್ಟಿಂಗ್ಸ್ ಅನ್ನೋ ವ್ಯೂ. ಇದು ಎಲ್ಲಾ ಕಾನ್ಫ್ ಫೈಲ್‌ಗಳಲ್ಲಿ ಈಗ ಡಿಸ್ಕ್ ಮೇಲೆ ಏನಿದೆ, ಯಾವ ಸಾಲು ನಡೀತದೆ, ಯಾವುದು ನಡಿಯೋದಿಲ್ಲ, ಎಲ್ಲಿ ತಪ್ಪಿದೆ ಅಂತ ಸಾಲು ಸಾಲಾಗಿ ಹೇಳ್ತದೆ. ನಿಮ್ಮ 16 ಎಂಬಿ ಸಾಲಿನ ಮುಂದೆ ಅಪ್ಲೈಡ್ ಅನ್ನೋ ಕಾಲಂನಲ್ಲಿ ಫಾಲ್ಸ್ ಅಂತ ಕಾಣ್ತದೆ, ಅದೊಂದು ನೋಡಿದ್ರೆ ಸಾಕು ಕಥೆ ಪೂರ್ತಿ ಅರ್ಥ ಆಗ್ಲಿಕ್ಕೆ. ಇನ್ನೊಂದು, ಪಿಜಿ_ಸೆಟ್ಟಿಂಗ್ಸ್‌ನಲ್ಲೇ ಇರೋ ಪೆಂಡಿಂಗ್_ರೀಸ್ಟಾರ್ಟ್ ಕಾಲಂ. ಶೇರ್ಡ್_ಬಫರ್ಸ್, ಮ್ಯಾಕ್ಸ್_ಕನೆಕ್ಷನ್ಸ್ ಥರದವು ರೀಲೋಡ್‌ಗೆ ಬದಲಾಗೋದಿಲ್ಲ, ರೀಸ್ಟಾರ್ಟೇ ಆಗಬೇಕು. ಯಾರೋ ಯಾವತ್ತೋ ಫೈಲಲ್ಲಿ ಬದಲಾಯಿಸಿ, ರೀಲೋಡ್ ಮಾಡಿ, ಆಯ್ತು ಅಂತ ಹೋಗಿರ್ತಾರೆ, ಸರ್ವರ್ ತಿಂಗಳುಗಟ್ಲೆ ಹಳೇ ವ್ಯಾಲ್ಯೂನಲ್ಲೇ ಓಡಿರ್ತದೆ, ಒಂದಿನ ಮಳೆಗಾಳಿಗೆ ಕರೆಂಟ್ ಹೋಗಿ ಬಂದಾಗ ಆ ಹೊಸ ವ್ಯಾಲ್ಯೂ ಮೊದಲ ಸಲ ಜಾರಿಗೆ ಬರ್ತದೆ. ಆವಾಗ ಎಲ್ರೂ ಕರೆಂಟಿಗೆ ಬೈತಾರೆ. ನಮ್ಮ ಜಿಲ್ಲೇಲಿ ಕರಾವಳಿ ಇರ್ಲಿ ಘಟ್ಟದ ಮೇಲೆ ಇರ್ಲಿ, ಜೂನ್ ಬಂತು ಅಂದ್ರೆ ಹೀಗೆ ರೀಬೂಟ್ ಆಗೋದು ಇದ್ದಿದ್ದೇ, ಅದಕ್ಕೆ ಮಳೆಗಾಲಕ್ಕೆ ಮೊದಲೇ ಪೆಂಡಿಂಗ್_ರೀಸ್ಟಾರ್ಟ್ ಟ್ರೂ ಇರೋ ಸಾಲು ಯಾವುದಾದ್ರೂ ಇದ್ಯಾ ಅಂತ ನೋಡಿ, ಇದ್ರೆ ನಾವೇ ಪುರುಸೊತ್ತಿನ ದಿನ ರೀಸ್ಟಾರ್ಟ್ ಮಾಡಿ ನೋಡ್ಕೊಳ್ಳೋದು ಒಳ್ಳೇದು ಅಂತ ನಾನು ಎಲ್ರಿಗೂ ಹೇಳ್ತೇನೆ.

ಈಗ 413. ಇದು ಪಿಎಚ್‌ಪಿದು ಅಲ್ವೇ ಅಲ್ಲ ಮಾರಾಯ್ರೆ. ಎಂಜಿನ್‌ಎಕ್ಸ್ ಬಾಗಿಲಲ್ಲೇ ರಿಕ್ವೆಸ್ಟ್ ವಾಪಸ್ ಕಳಿಸಿದಾಗ ಬರೋ ನಂಬರ್ ಅದು, ಫೋಟೋ ಪಿಎಚ್‌ಪಿ ತನಕ ಬಂದೇ ಇಲ್ಲ. ಎಂಜಿನ್‌ಎಕ್ಸ್‌ನ ಎರರ್ ಲಾಗ್ ತೆಗೆದ್ರೆ ಕ್ಲೈಂಟ್ ಇಂಟೆಂಡೆಡ್ ಟು ಸೆಂಡ್ ಟೂ ಲಾರ್ಜ್ ಬಾಡಿ ಅಂತ, ಎಷ್ಟು ಬೈಟ್ ಅಂತ ಸಮೇತ ಬಿದ್ದಿರ್ತದೆ. ಕ್ಲೈಂಟ್_ಮ್ಯಾಕ್ಸ್_ಬಾಡಿ_ಸೈಜ್ ಅನ್ನೋದು ಆ ಸೆಟ್ಟಿಂಗ್, ಎಲ್ಲೂ ಬರೀದಿದ್ರೆ 1 ಎಂಬಿ. ಈಗಿನ ಫೋನಲ್ಲಿ ತೆಗೆದ ಪಹಣಿ ಫೋಟೋ ಸುಲಭದಲ್ಲಿ 4–5 ಎಂಬಿ ಆಗ್ತದೆ.

ಎಂಜಿನ್‌ಎಕ್ಸ್‌ಗೆ ಹೈಫನ್ ಹಾಕಿ ಕ್ಯಾಪಿಟಲ್ ಟಿ ಕೊಟ್ಟು, ಸುಡೋ ಜೊತೆ ಓಡಿಸಿ. ಅದು ಇನ್‌ಕ್ಲೂಡ್ ಆಗೋ ಎಲ್ಲಾ ಫೈಲ್‌ಗಳನ್ನ ಓದಿ, ಪ್ರತಿಯೊಂದರ ಮೇಲೂ ಇದು ಇಂಥ ಫೈಲಿಂದ ಅಂತ ಹೆಸರು ಬರೆದು, ಒಂದೇ ಉದ್ದದ ಪಟ್ಟಿ ಮಾಡಿ ಕೊಡ್ತದೆ. ಅದನ್ನ ಬರೀ ಬಾಡಿ_ಸೈಜ್ ಅಂತ ಗ್ರೆಪ್ ಮಾಡಿದ್ರೆ ಫೈಲಿನ ಹೆಸರು ಕಳೆದುಹೋಗ್ತದೆ, ಅದಕ್ಕೆ ಕಾನ್ಫಿಗರೇಷನ್ ಫೈಲ್ ಅನ್ನೋ ತಲೆಬರಹದ ಸಾಲು, ಸರ್ವರ್_ನೇಮ್, ಲೊಕೇಷನ್, ಬಾಡಿ_ಸೈಜ್ ಇಷ್ಟನ್ನೂ ಒಟ್ಟಿಗೆ ಗ್ರೆಪ್ ಮಾಡಿ. ಆವಾಗ ಸೆಟ್ಟಿಂಗ್ ಎಚ್‌ಟಿಟಿಪಿ ಮಟ್ಟದಲ್ಲಿ ಇದ್ಯೋ, ಸರ್ವರ್ ಬ್ಲಾಕ್ ಒಳಗೆ ಇದ್ಯೋ, ಲೊಕೇಷನ್ ಒಳಗೆ ಇದ್ಯೋ ಕಾಣ್ತದೆ. ಒಳಗಿನದ್ದು ಹೊರಗಿನದ್ದನ್ನ ಮೀರಿಸ್ತದೆ, ಹಾಗಾಗಿ ಮುಖ್ಯ ಫೈಲಲ್ಲಿ 50 ಎಂಬಿ ಅಂತ ಬರೆದ್ರೂ ನಿಮ್ಮ ಸೈಟಿನ ಸರ್ವರ್ ಬ್ಲಾಕಲ್ಲಿ 2 ಎಂಬಿ ಅಂತ ಇದ್ರೆ 2 ಎಂಬಿಯೇ ಗತಿ.

ಆ ಪಟ್ಟೀಲಿ ಸೈಟ್ಸ್ ಎನೇಬಲ್ಡ್ ಫೋಲ್ಡರಿಂದ ಬಂದ ಫೈಲ್‌ಗಳ ಹೆಸರನ್ನ ಕಣ್ಣಿಟ್ಟು ನೋಡಿ. ಉಬುಂಟು, ಡೆಬಿಯನ್‌ನಲ್ಲಿ ಆ ಫೋಲ್ಡರಿನ ಎಲ್ಲಾ ಫೈಲ್ ಓದು ಅಂತ ಇರ್ತದೆ, ಹೆಸರು ಏನಿದ್ರೂ ಸರಿ. ಹಿಂದಿನವ್ರು ತಿದ್ದೋ ಮೊದಲು ಬ್ಯಾಕಪ್ ಅಂತ ಅಲ್ಲೇ ಒಂದು ಕಾಪಿ ಇಟ್ಟಿದ್ರೆ ಆ ಬ್ಯಾಕಪ್ ಫೈಲೂ ಲೋಡ್ ಆಗ್ತದೆ, ಒಂದೇ ಹೆಸರಿನ ಎರಡು ಸರ್ವರ್ ಬ್ಲಾಕ್ ಆಗಿ ಮೊದಲು ಓದಿದ್ದು ಉಳೀತದೆ, ಇನ್ನೊಂದನ್ನ ಬಿಟ್ಟೆ ಅಂತ ಒಂದು ವಾರ್ನಿಂಗ್ ಮಾತ್ರ ಬರ್ತದೆ. ನೀವು ದಿನವಿಡೀ ತಿದ್ದೋದು ಒಂದು ಫೈಲು, ನಡೆಯೋದು ಇನ್ನೊಂದು. ಬ್ಯಾಕಪ್ಪನ್ನ ದಯವಿಟ್ಟು ಆ ಫೋಲ್ಡರಿನ ಹೊರಗೆ ಇಡಿ.

ಒಂದು ಮಿತಿ ಹೇಳ್ಬೇಕು, ಈ ಕ್ಯಾಪಿಟಲ್ ಟಿ ಓದೋದು ಡಿಸ್ಕ್ ಮೇಲಿನ ಫೈಲನ್ನ, ಓಡ್ತಿರೋ ಎಂಜಿನ್‌ಎಕ್ಸ್ ನೆನಪಲ್ಲಿ ಇರೋದನ್ನ ಅಲ್ಲ. ಫೈಲಲ್ಲಿ ಎಲ್ಲೋ ಒಂದು ಸೆಮಿಕೋಲನ್ ಬಿಟ್ಟು ರೀಲೋಡ್ ಮಾಡಿದ್ರೆ ಎಂಜಿನ್‌ಎಕ್ಸ್ ಹೊಸದನ್ನ ಒಪ್ಪದೆ ಹಳೇ ಕಾನ್ಫಿಗ್ಗಲ್ಲೇ ಆರಾಮಾಗಿ ಓಡ್ತಿರ್ತದೆ. ರೀಲೋಡ್ ನಿಜವಾಗ್ಲೂ ಆಯ್ತಾ ಅಂತ ತಿಳೀಲಿಕ್ಕೆ ಪಿಎಸ್ ಕಮಾಂಡಲ್ಲಿ ವರ್ಕರ್ (ರಿಕ್ವೆಸ್ಟ್ ನೋಡ್ಕೊಳ್ಳೋ) ಪ್ರೋಸೆಸ್ ಶುರುವಾದ ಟೈಮ್ ನೋಡಿ. ರೀಲೋಡ್ ಆದ್ರೆ ಹೊಸ ವರ್ಕರ್‌ಗಳು ಹುಟ್ಟಿರ್ತವೆ, ಫೈಲ್ ತಿದ್ದಿದ ಟೈಮಿಗಿಂತ ವರ್ಕರ್ ಹಳೇದಾಗಿದ್ರೆ ನಿಮ್ಮ ತಿದ್ದುಪಡಿ ಒಳಗೆ ಹೋಗಿಲ್ಲ ಅಂತಲೇ ಅರ್ಥ.

ಎಂಜಿನ್‌ಎಕ್ಸ್ ಸರಿಯಾದ ಮೇಲೆ ಪಿಎಚ್‌ಪಿ ಕೈ ಕೊಡ್ತದೆ, ಅದನ್ನೂ ಈಗಲೇ ಹೇಳಿಬಿಡ್ತೇನೆ. ನೀವು ಟರ್ಮಿನಲ್‌ನಲ್ಲಿ ಪಿಎಚ್‌ಪಿ ಹೈಫನ್ ಹೈಫನ್ ಐಎನ್‌ಐ ಅಂತ ಕೊಟ್ಟು ಅದು ತೋರಿಸಿದ ಫೈಲನ್ನ ತಿದ್ದಿದ್ದೀರಿ ಅನ್ಸ್ತದೆ. ಅದು ಕಮಾಂಡ್ ಲೈನಿನ ಪಿಎಚ್‌ಪಿ ಓದೋ ಫೈಲು. ವೆಬ್‌ಸೈಟ್ ಓಡಿಸೋದು ಎಫ್‌ಪಿಎಂ ಅನ್ನೋ ಪಿಎಚ್‌ಪಿ ಸರ್ವಿಸ್, ಅದಕ್ಕೆ ಬೇರೆ ಫೋಲ್ಡರ್, ಬೇರೆ ಐಎನ್‌ಐ. ಪಿಎಚ್‌ಪಿಇನ್ಫೋ ಅನ್ನೋ ಪುಟವನ್ನ ಬ್ರೌಸರಿಂದ ತೆಗೆದು ನೋಡಿದ್ರೆ ಲೋಡೆಡ್ ಕಾನ್ಫಿಗರೇಷನ್ ಫೈಲ್ ಅನ್ನೋ ಕಡೆ ನಿಜವಾದ ಪಾತ್ ಇರ್ತದೆ, ಅದರ ಕೆಳಗೆ ಕಾನ್ಫ್ ಡಾಟ್ ಡಿ ಫೋಲ್ಡರಿಂದ ಓದಿದ ಇನ್ನಷ್ಟು ಫೈಲ್‌ಗಳ ಪಟ್ಟಿ ಇರ್ತದೆ. ಅಪ್‌ಲೋಡ್_ಮ್ಯಾಕ್ಸ್_ಫೈಲ್‌ಸೈಜ್ ಮೂಲತಃ 2 ಎಂಬಿ, ಪೋಸ್ಟ್_ಮ್ಯಾಕ್ಸ್_ಸೈಜ್ 8 ಎಂಬಿ, ಎರಡೂ ಏರಿಸಬೇಕು, ಎರಡನೇದು ಮೊದಲನೇದಕ್ಕಿಂತ ದೊಡ್ಡದಿರಬೇಕು. ಐಎನ್‌ಐ ಸರಿ ಇದ್ದೂ ಇನ್ಫೋ ಪುಟ ಬೇರೆ ಹೇಳಿದ್ರೆ ಎಫ್‌ಪಿಎಂನ ಪೂಲ್ ಫೈಲ್ ನೋಡಿ, ಅಲ್ಲಿ ಪಿಎಚ್‌ಪಿ_ಅಡ್ಮಿನ್_ವ್ಯಾಲ್ಯೂ ಅಂತ ಬರೆದಿದ್ರೆ ಅದನ್ನ ಮೀರಿಸೋದು ಆ್ಯಪ್‌ನಿಂದ ಸಾಧ್ಯ ಇಲ್ಲ. ಲೋಕಲ್ ವ್ಯಾಲ್ಯೂ, ಮಾಸ್ಟರ್ ವ್ಯಾಲ್ಯೂ ಎರಡೂ ಬೇರೆ ಬೇರೆ ಬಂದ್ರೆ ಸೈಟಿನ ಫೋಲ್ಡರಲ್ಲಿ ಡಾಟ್ ಯೂಸರ್ ಡಾಟ್ ಐಎನ್‌ಐ ಅಂತ ಅಡಗಿರೋ ಫೈಲ್ ಇದ್ಯಾ ನೋಡಿ, ಅದನ್ನ ತಿದ್ದಿದ್ರೆ ಐದು ನಿಮಿಷ ತನಕ ಹಳೇದೇ ಕಾಣಬಹುದು, 300 ಸೆಕೆಂಡ್ ಕ್ಯಾಶ್ ಇರ್ತದೆ ಅದಕ್ಕೆ. ಕೆಲಸ ಆದ್ಮೇಲೆ ಇನ್ಫೋ ಪುಟ ಅಳಿಸಿಬಿಡಿ, ಹೊರಗಿನವ್ರಿಗೆ ಅದು ಸರ್ವರಿನ ಜಾತಕ ಕೊಟ್ಟ ಹಾಗೆ.

ಮೂರನೇದು, ಓಪನ್ ಫೈಲ್ಸ್. ಲಿಮಿಟ್ಸ್ ಕಾನ್ಫ್ ಅನ್ನೋ ಫೈಲ್ ಲಾಗಿನ್ ಆಗೋ ಮನುಷ್ಯರಿಗೆ, ಪ್ಯಾಮ್ (ಲಾಗಿನ್ ನೋಡ್ಕೊಳ್ಳೋ ವ್ಯವಸ್ಥೆ) ಮೂಲಕ ಜಾರಿ ಆಗ್ತದೆ. ಸಿಸ್ಟಮ್‌ಡಿ (ಬೂಟ್ ಆದಾಗ ಸರ್ವಿಸ್‌ಗಳನ್ನ ಎಬ್ಬಿಸೋ ಪ್ರೋಗ್ರಾಮ್) ಸ್ಟಾರ್ಟ್ ಮಾಡೋ ಸರ್ವಿಸ್ ಆ ದಾರೀಲಿ ಬರೋದೇ ಇಲ್ಲ, ಹಾಗಾಗಿ ಅಲ್ಲಿ 65535 ಅಲ್ಲ, ಎಷ್ಟು ಬರೆದ್ರೂ ಎಂಜಿನ್‌ಎಕ್ಸ್‌ಗೆ ಅದು ತಾಗೋದಿಲ್ಲ. ಪ್ರೋಸೆಸ್ಸನ್ನ ಕೇಳೋ ಜಾಗ ಪ್ರಾಕ್ ಫೋಲ್ಡರ್. ಎಂಜಿನ್‌ಎಕ್ಸ್ ವರ್ಕರಿನ ಪಿಐಡಿ (ಪ್ರೋಸೆಸ್ ನಂಬರ್) ಹಿಡಿದು ಪ್ರಾಕ್ ಸ್ಲ್ಯಾಷ್ ಪಿಐಡಿ ಸ್ಲ್ಯಾಷ್ ಲಿಮಿಟ್ಸ್ ಅನ್ನೋ ಫೈಲ್ ಓದಿ, ಮ್ಯಾಕ್ಸ್ ಓಪನ್ ಫೈಲ್ಸ್ ಸಾಲಲ್ಲಿ ಎರಡು ಸಂಖ್ಯೆ ಇರ್ತದೆ, ಸಾಫ್ಟ್ (ಈಗ ಜಾರೀಲಿರೋ ಮಿತಿ), ಹಾರ್ಡ್ (ಅದನ್ನ ಏರಿಸಬಹುದಾದ ಗರಿಷ್ಠ) ಅಂತ. ಸಾಫ್ಟ್ 1024 ಇರ್ತದೆ ಅಂತ ನನ್ನ ಎಣಿಕೆ, ಸಿಸ್ಟಮ್‌ಡಿಯ ಡೀಫಾಲ್ಟ್ ಅದು. ಮಾಸ್ಟರ್ ಪ್ರೋಸೆಸ್, ವರ್ಕರ್ ಎರಡನ್ನೂ ನೋಡಿ, ಯಾಕಂದ್ರೆ ಎಂಜಿನ್‌ಎಕ್ಸ್ ತನ್ನ ಕಾನ್ಫಿಗ್‌ನ ವರ್ಕರ್_ಆರ್‌ಲಿಮಿಟ್_ನೋಫೈಲ್ ಓದಿ ವರ್ಕರ್‌ಗೆ ಮಾತ್ರ ಬೇರೆ ಮಿತಿ ಕೊಡಬಹುದು.

ರೀಬೂಟಿಗೆ ಮೊದಲು ಸರಿ ಇತ್ತಲ್ಲ ಅಂದ್ರೆ, ಹೆಚ್ಚಾಗಿ ಎರಡರಲ್ಲಿ ಒಂದು. ಹಿಂದಿನವ್ರು ರೂಟ್ ಆಗಿ ಲಾಗಿನ್ ಆಗಿ, ಯುಲಿಮಿಟ್ ಏರಿಸಿ, ಆ ಶೆಲ್ಲಿಂದಲೇ ಎಂಜಿನ್‌ಎಕ್ಸ್ ಶುರು ಮಾಡಿರ್ತಾರೆ, ಆ ಶೆಲ್ಲಿನ ಮಿತಿ ಅದಕ್ಕೆ ಬಂದಿರ್ತದೆ. ಇಲ್ಲಾಂದ್ರೆ ಪಿಆರ್‌ಲಿಮಿಟ್ ಕಮಾಂಡಲ್ಲಿ ಓಡ್ತಿರೋ ಪ್ರೋಸೆಸ್‌ಗೇ ಏರಿಸಿರ್ತಾರೆ. ಎರಡೂ ಎಲ್ಲೂ ಬರೆದಿಟ್ಟದ್ದಲ್ಲ, ಪ್ರೋಸೆಸ್ ಹೋದ ಕೂಡ್ಲೇ ಅದೂ ಹೋಗ್ತದೆ. ಇದು ನನಗೆ ತುಂಬಾ ಬೇಜಾರು ತರೋ ಅಭ್ಯಾಸ, ಯಾಕಂದ್ರೆ ಮಾಡಿದವ್ರು ಆ ದಿನ ಸರಿಮಾಡಿ ಮನೆಗೆ ಹೋಗ್ತಾರೆ, ಅದರ ಪೆಟ್ಟು ಎಷ್ಟೋ ತಿಂಗಳ ಮೇಲೆ, ಏನೂ ಗೊತ್ತಿಲ್ಲದ ನಿಮ್ಮಂಥವ್ರ ಮೇಲೆ, ಅದೂ ಕರೆಂಟ್ ಇಲ್ಲದ ರಾತ್ರೀಲಿ ಬೀಳ್ತದೆ.

ಸರಿ ಮಾಡೋದು ಹೀಗೆ. ಮೊದಲು ಸಿಸ್ಟಮ್‌ಸಿಟಿಎಲ್ ಕ್ಯಾಟ್ ಎಂಜಿನ್‌ಎಕ್ಸ್ ಅಂತ ಕೊಡಿ. ಸರ್ವಿಸಿನ ಮೂಲ ಫೈಲ್, ಅದರ ಮೇಲೆ ಯಾರಾದ್ರೂ ಹಾಕಿದ ಡ್ರಾಪ್‌ಇನ್ ಫೈಲ್‌ಗಳು, ಎಲ್ಲಾ ಪಾತ್ ಸಮೇತ ಬರ್ತದೆ. ಲಿಮಿಟ್‌ನೋಫೈಲ್ ಎಲ್ಲೂ ಇಲ್ದಿದ್ರೆ ಸಿಸ್ಟಮ್‌ಸಿಟಿಎಲ್ ಎಡಿಟ್ ಎಂಜಿನ್‌ಎಕ್ಸ್ ಅಂತ ಕೊಟ್ಟು, ಸರ್ವಿಸ್ ಅನ್ನೋ ತಲೆಬರಹದ ಕೆಳಗೆ ಲಿಮಿಟ್‌ನೋಫೈಲ್ 65535 ಅಂತ ಬರೆದು ರೀಸ್ಟಾರ್ಟ್ ಮಾಡಿ. ಆಮೇಲೆ ಮತ್ತೆ ಪ್ರಾಕ್ ಒಳಗೆ ನೋಡಿ, ಅಲ್ಲಿ 65535 ಕಂಡ್ರೆ ಮಾತ್ರ ಆಯ್ತು ಅಂತ ಲೆಕ್ಕ. ಲಿಬ್ ಕೆಳಗಿನ ಮೂಲ ಸರ್ವಿಸ್ ಫೈಲನ್ನ ನೇರ ತಿದ್ದಬೇಡಿ, ಪ್ಯಾಕೇಜ್ ಅಪ್‌ಡೇಟ್ ಆದಾಗ ಅಳಿದು ಹೋಗ್ತದೆ.

ನಿಮ್ಮ ಮೂರು ಪ್ರಶ್ನೆ ಮುಗೀತು, ಆದ್ರೆ ನೀವು ಇನ್ನೊಬ್ರು ಕಟ್ಟಿದ ಸರ್ವರ್ ವಹಿಸ್ಕೊಂಡಿದ್ದೀರಿ, ಅದಕ್ಕೆ ಇನ್ನೂ ಸ್ವಲ್ಪ.

ಕೊನೆಗೆ ಓದಿದ್ದೇ ಗೆಲ್ತದೆ ಅನ್ನೋ ನಿಯಮ ಎಲ್ಲಾ ಕಡೆ ಇಲ್ಲ. ದೂರದಿಂದ ಲಾಗಿನ್ ಆಗ್ಲಿಕ್ಕೆ ಇರೋ ಎಸ್‌ಎಸ್‌ಎಚ್ ಸರ್ವರ್‌ನಲ್ಲಿ ಉಲ್ಟಾ, ಹೆಚ್ಚಿನ ಸೆಟ್ಟಿಂಗ್‌ಗಳಿಗೆ ಮೊದಲು ಸಿಕ್ಕಿದ್ದೇ ಗೆಲ್ತದೆ. ಉಬುಂಟುವಲ್ಲಿ ಆ ಕಾನ್ಫಿಗ್ ಫೈಲಿನ ತಲೆಯಲ್ಲೇ ಒಂದು ಇನ್‌ಕ್ಲೂಡ್ ಸಾಲು ಇರ್ತದೆ, ಆ ಫೋಲ್ಡರಲ್ಲಿ ಕ್ಲೌಡ್ ಇನಿಟ್ (ಮೊದಲ ಬೂಟಲ್ಲಿ ಮಷಿನ್ ಸಿದ್ಧ ಮಾಡೋ ಪ್ರೋಗ್ರಾಮ್) ಇಟ್ಟು ಹೋದ ಫೈಲಲ್ಲಿ ಪಾಸ್‌ವರ್ಡ್ ಲಾಗಿನ್ ಯೆಸ್ ಅಂತ ಇದ್ರೆ, ನೀವು ಕೆಳಗೆ ಎಷ್ಟು ನೋ ಅಂತ ಬರೆದ್ರೂ ಪಾಸ್‌ವರ್ಡ್ ಲಾಗಿನ್ ತೆರೆದೇ ಇರ್ತದೆ. ಮುಚ್ಚಿದ್ದೇವೆ ಅಂತ ನಂಬ್ಕೊಂಡು ಇರೋ ಸರ್ವರ್‌ಗಳು ಹೀಗೇ ಬಾಗಿಲು ತೆರೆದು ಕೂತಿರ್ತವೆ. ಎಸ್‌ಎಸ್‌ಎಚ್‌ಡಿಗೆ ಹೈಫನ್ ಕ್ಯಾಪಿಟಲ್ ಟಿ ಕೊಟ್ಟು ರೂಟ್ ಆಗಿ ಓಡಿಸಿ, ಎಲ್ಲಾ ಫೈಲ್ ಓದಿದ ಮೇಲೆ ಗೆದ್ದಿದ್ದು ಯಾವುದು ಅಂತ ಹೇಳ್ತದೆ. ಇವತ್ತೇ ನೋಡಿ ಇದನ್ನ.

ಮುಂದೆ ಮೈಎಸ್‌ಕ್ಯೂಎಲ್ ಇರೋ ಮಷಿನ್ ಕೈಗೆ ಬಂದ್ರೆ, 8.0 ವರ್ಷನ್‌ನಿಂದ ಪರ್ಫಾರ್ಮೆನ್ಸ್ ಸ್ಕೀಮಾ ಒಳಗೆ ವೇರಿಯಬಲ್ಸ್_ಇನ್ಫೋ ಅನ್ನೋ ಟೇಬಲ್ ಇದೆ, ಯಾವ ಫೈಲಿಂದ ಬಂತು, ಓಡ್ತಿರೋವಾಗ ಬದಲಾಯಿಸಿದ್ರೆ ಯಾವ ಯೂಸರ್, ಯಾವಾಗ ಬದಲಾಯಿಸಿದ್ದು ಅನ್ನೋದೂ ಅಲ್ಲಿ ಸಿಗ್ತದೆ. ಮರಿಯಾಡಿಬಿಯಲ್ಲಿ ಅದೇ ಕೆಲಸಕ್ಕೆ ಇನ್ಫರ್ಮೇಷನ್ ಸ್ಕೀಮಾದ ಸಿಸ್ಟಮ್_ವೇರಿಯಬಲ್ಸ್ ನೋಡಬೇಕು, 10.5ರಿಂದ ಫೈಲಿನ ಪಾತ್ ಕೂಡ ಬರ್ತದೆ. ಪರ್ಮಿಷನ್ ತೊಂದರೆ ಅಂತ ಯಾರೋ ಕಾನ್ಫಿಗ್ ಫೈಲಿಗೆ 777 ಕೊಟ್ಟಿದ್ರೆ ಮೈಎಸ್‌ಕ್ಯೂಎಲ್ ಆ ಫೈಲನ್ನ ಓದೋದೇ ಇಲ್ಲ, ಎಲ್ರೂ ಬರೀಬಹುದಾದ ಫೈಲನ್ನ ನಂಬಲ್ಲ ಅಂತ ಒಂದು ವಾರ್ನಿಂಗ್ ಹಾಕಿ ಮುಂದೆ ಹೋಗ್ತದೆ. ಇನ್ನು ಜಾವಾ ಆ್ಯಪ್, ಡಾಕರ್ ಥರದ್ದು ಬಂದಾಗ ಎನ್‌ವಿರಾನ್‌ಮೆಂಟ್ ವೇರಿಯಬಲ್ ಮೇಲೆ ಮೊದಲು ಅನುಮಾನ ಪಡಿ, ಪ್ರಾಕ್ ಒಳಗೆ ಎನ್‌ವಿರಾನ್ ಅನ್ನೋ ಫೈಲಲ್ಲಿ ಪ್ರೋಸೆಸ್ ಶುರುವಾದಾಗ ಸಿಕ್ಕ ಅಷ್ಟೂ ವೇರಿಯಬಲ್ ಇರ್ತದೆ. ಅದರಲ್ಲಿ ಪಾಸ್‌ವರ್ಡೂ ಇರ್ತದೆ, ಸ್ಕ್ರೀನ್‌ಶಾಟ್ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ.

ಯಾವ ದಾರಿಯೂ ಇಲ್ಲ, ಸಾಫ್ಟ್‌ವೇರ್ ತನ್ನ ಕಾನ್ಫಿಗ್ ಎಲ್ಲಿಂದ ಅಂತ ಬಾಯೇ ಬಿಡೋದಿಲ್ಲ ಅಂದಾಗ ಎಸ್‌ಟ್ರೇಸ್ ಇದೆ. ಫೈಲ್ ತೆರೆಯೋ ಓಪನ್‌ಎಟ್ ಅನ್ನೋ ಸಿಸ್ಟಮ್ ಕಾಲ್ ಮಾತ್ರ ತೋರಿಸು ಅಂತ ಹೇಳಿ ಅದರ ಕೆಳಗೆ ಪ್ರೋಗ್ರಾಮ್ ಶುರು ಮಾಡಿದ್ರೆ ಯಾವ ಯಾವ ಫೈಲ್ ತೆಗೀತು, ಯಾವುದನ್ನ ಹುಡುಕಿ ಸಿಗದೆ ಮುಂದೆ ಹೋಯ್ತು ಅಂತ ಕ್ರಮವಾಗಿ ಬರ್ತದೆ. ಈಗ ತೆರೆದಿರೋ ಫೈಲ್ ತೋರಿಸೋ ಎಲ್‌ಎಸ್‌ಒಎಫ್‌ನಲ್ಲಿ ಇದು ಸಿಗೋದಿಲ್ಲ, ಕಾನ್ಫಿಗ್ ಫೈಲನ್ನ ಓದಿ ಆಗಲೇ ಮುಚ್ಚಿರ್ತದೆ. ಇದನ್ನ ಟೆಸ್ಟ್ ಮಷಿನ್ನಲ್ಲೇ ಮಾಡಿ, ಪ್ರೋಗ್ರಾಮ್ ತುಂಬಾ ನಿಧಾನ ಆಗ್ತದೆ.

ಹಿಂದಿನವ್ರು ಏನೇನು ಮುಟ್ಟಿದ್ದಾರೆ ಅಂತ ಒಂದು ಪಟ್ಟಿ ಬೇಕಾದ್ರೆ ಡಿಪಿಕೆಜಿ ವೆರಿಫೈ ಓಡಿಸಿ, ಪ್ಯಾಕೇಜ್ ಜೊತೆ ಬಂದ ಕಾನ್ಫಿಗ್ ಫೈಲಲ್ಲಿ ಬದಲಾಗಿರೋದು ಯಾವುದು ಅಂತ ತೋರಿಸ್ತದೆ. ಪಿಎಚ್‌ಪಿ ಐಎನ್‌ಐ, ಪೋಸ್ಟ್‌ಗ್ರೆಸ್‌ನ ಕಾನ್ಫ್ ಎರಡೂ ಈ ಪಟ್ಟೀಲಿ ಬರೋದಿಲ್ಲ, ಯಾಕಂದ್ರೆ ಅವು ಇನ್‌ಸ್ಟಾಲ್ ಆಗೋವಾಗ ತಯಾರಾಗೋ ಫೈಲ್‌ಗಳು. ಪಿಎಚ್‌ಪಿಗೆ ಲಿಬ್ ಕೆಳಗಿರೋ ಐಎನ್‌ಐ ಪ್ರೊಡಕ್ಷನ್ ಅನ್ನೋ ಮೂಲ ಪ್ರತಿ ಜೊತೆ ಡಿಫ್ ಮಾಡಿ (ಹೋಲಿಸಿ ನೋಡಿ), ಪೋಸ್ಟ್‌ಗ್ರೆಸ್‌ಗೆ ಪಿಜಿ_ಸೆಟ್ಟಿಂಗ್ಸ್‌ನಲ್ಲಿ ಸೋರ್ಸ್ ಡೀಫಾಲ್ಟ್ ಅಲ್ಲದ ಎಲ್ಲಾ ಸಾಲು ತೆಗೀರಿ. ಆಮೇಲೆ ಇಟಿಸಿಕೀಪರ್ ಅನ್ನೋ ಪ್ಯಾಕೇಜ್ ಹಾಕಿ, ಇಟಿಸಿ ಫೋಲ್ಡರ್ ಪೂರ್ತಿ ಗಿಟ್ ಒಳಗೆ ಹೋಗ್ತದೆ, ಇನ್ಮೇಲೆ ಯಾವ ಸಾಲು ಯಾವತ್ತು ಬದಲಾಯ್ತು ಅಂತ ದಾಖಲೆ ಉಳೀತದೆ. ಅದು ಇಟಿಸಿ ಮಾತ್ರ ಕಾಯ್ತದೆ, ಮೇಲೆ ಹೇಳಿದ ಪೋಸ್ಟ್‌ಗ್ರೆಸ್‌ನ ಆಟೋ ಫೈಲೂ, ರೋಲ್ ಮೇಲಿನ ಸೆಟ್ಟಿಂಗೂ ಅದರ ಕಣ್ಣಿಗೆ ಬೀಳೋದಿಲ್ಲ. ರೋಲ್ ಸೆಟ್ಟಿಂಗಂತೂ ಡೇಟಾಬೇಸ್ ಬ್ಯಾಕಪ್ ತೆಗೆಯೋ ಮಾಮೂಲಿ ಪಿಜಿ_ಡಂಪ್‌ನಲ್ಲೂ ಬರೋದಿಲ್ಲ, ಪಿಜಿ_ಡಂಪಾಲ್‌ಗೆ ಗ್ಲೋಬಲ್ಸ್ ಓನ್ಲಿ ಅಂತ ಹೇಳಿ ಬೇರೆ ತೆಗೆದಿಡಬೇಕು, ಇಲ್ಲದಿದ್ರೆ ಹೊಸ ಸರ್ವರಿಗೆ ಹೋದ ದಿನ ಡೇಟಾ ಎಲ್ಲ ಬಂದಿರ್ತದೆ, ಸ್ಪೀಡ್ ಬಂದಿರೋದಿಲ್ಲ.

ಕೆಲಸದ ಕ್ರಮ ನಾನಾದ್ರೆ ಹೀಗೆ ಮಾಡ್ತಿದ್ದೆ: ಇವತ್ತು ಏನನ್ನೂ ಬದಲಾಯಿಸದೆ ಪಿಜಿ_ಸೆಟ್ಟಿಂಗ್ಸ್, ಎಂಜಿನ್‌ಎಕ್ಸ್‌ನ ಕ್ಯಾಪಿಟಲ್ ಟಿ, ಪ್ರಾಕ್‌ನ ಲಿಮಿಟ್ಸ್, ಎಸ್‌ಎಸ್‌ಎಚ್‌ಡಿದು, ನಾಲ್ಕರ ಔಟ್‌ಪುಟ್ಟನ್ನೂ ತಾರೀಕು ಹಾಕಿ ಸೇವ್ ಮಾಡೋದು. ಎಂಜಿನ್‌ಎಕ್ಸ್ ಬಾಡಿ_ಸೈಜ್ ಬರೀ ರೀಲೋಡಲ್ಲಿ ಆಗ್ತದೆ, ಅದನ್ನ ಯಾವಾಗ ಮಾಡಿದ್ರೂ ನಡೀತದೆ. ವರ್ಕ್_ಮೆಮ್ ರೀಸೆಟ್‌ಗೂ ರೀಲೋಡ್ ಸಾಕು, ಆದ್ರೆ ಟೆಂಡರ್ ಇಲ್ಲದ ದಿನ ಮಾಡಿ, ರಿಪೋರ್ಟ್ ಎಷ್ಟು ನಿಧಾನ ಆಗ್ತದೆ ನೋಡ್ಲಿಕ್ಕೆ ಟೈಮ್ ಬೇಕು. ಲಿಮಿಟ್‌ನೋಫೈಲ್‌ಗೆ ರೀಸ್ಟಾರ್ಟ್ ಬೇಕೇ ಬೇಕು, ಸಂಘದ ಕೌಂಟರ್ ಮುಚ್ಚಿದ ಮೇಲೆ ಇಟ್ಕೊಳ್ಳಿ. ಸೋರ್ಸ್‌ಫೈಲ್ ಕಾಲಂನಲ್ಲಿ ಆಟೋ ಕಾನ್ಫ್ ಬಿಟ್ಟು ಬೇರೆ ಏನಾದ್ರೂ ಬಂದಿದ್ರೆ ಆ ಸಾಲನ್ನ, ಜೊತೆಗೆ ಡಿಆರ್‌ಡಿಎಸ್ ಔಟ್‌ಪುಟ್ಟನ್ನ ನನಗೆ ಕಳಿಸಿ, ಯೂಸರ್‌ನೇಮ್ ಮರೆಮಾಡಿ ಕಳಿಸಿದ್ರೂ ಸಾಕು.